ರಕ್ತನಾಳದ ಕಾಯಿಲೆಯಿಂದ ಕಾಲು ತೆಗೆದ ಮೇಲೆ ಮತ್ತೆ ಓಡಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡಿನಲ್ಲಿ, ಫಿಸಿಯೋಥೆರಪಿ ಕೋಣೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕತ್ತರಿಸಿದ ಮೇಲೆ ಉಳಿಯುವ ಕಾಲಿನ ಭಾಗವನ್ನು ಎಲ್ಲ ಕಡೆ ಸ್ಟಂಪ್ ಎಂದೇ ಕರೆದಿದ್ದೇವೆ. ಆಸ್ಪತ್ರೆಯಲ್ಲಿ ನಿಮ್ಮ ಕಿವಿಗೆ ಬೀಳುವ ಮಾತೂ ಅದೇ.

## ಮೊದಲು ತಿಳಿಯಬೇಕಾದದ್ದು

ಅಪ್ಪನಿಗೆ ಮಂಡಿ ಕೆಳಗೆ ಕಾಲು ತೆಗೆದಿದ್ದಾರೆ. ಮತ್ತೆ ನಡೀತಾರಾ?

ಮಂಡಿ ಉಳಿದಿದ್ದರೆ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಸ್ಟಂಪ್ ನೋಡಿದ ಮಾತ್ರಕ್ಕೆ ಇದನ್ನು ಹೇಳಲಾಗದು. ಪಾದದ ಹುಣ್ಣು ಶುರುವಾಗುವ ಮೊದಲು ಅವರು ಎಷ್ಟು ನಡೆಯುತ್ತಿದ್ದರು? ಉಳಿದ ಕಾಲಿನ ಮೇಲೆ ಆಸರೆಯಿಲ್ಲದೆ ಕೆಲವು ಸೆಕೆಂಡು ನಿಲ್ಲಬಲ್ಲರೇ? ಹೃದಯ, ಶ್ವಾಸಕೋಶ ಎಷ್ಟು ತಾಳುತ್ತವೆ? ಇವತ್ತು ಹೇಳಿಕೊಟ್ಟದ್ದು ನಾಳೆಗೆ ನೆನಪಿರುತ್ತದೆಯೇ? ಕೃತಕ ಕಾಲನ್ನು ದಿನಾ ಹಾಕುವುದು, ತೆಗೆಯುವುದು, ಚರ್ಮ ನೋಡಿಕೊಳ್ಳುವುದು ನೆನಪಿನ ಕೆಲಸ. ಅದಕ್ಕೇ ಕೊನೆಯ ಪ್ರಶ್ನೆಗೆ ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ತೂಕವಿದೆ.

ಒಂಟಿಕಾಲಲ್ಲಿ ನಿಲ್ಲುವುದನ್ನು ಮನೆಯವರು ತಾವೇ ಪರೀಕ್ಷಿಸಲು ಹೋಗಬೇಡಿ. ಫಿಸಿಯೋಥೆರಪಿಸ್ಟ್ ಅದನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿ ನೋಡುತ್ತಾರೆ.

ಅಪಘಾತದಲ್ಲಿ ಕಾಲು ಹೋದವರು ಓಡೋದನ್ನೂ ನೋಡಿದೀವಿ. ನಮ್ಮವರಿಗೆ ನಾಲ್ಕು ಹೆಜ್ಜೆಗೇ ಏದುಸಿರು ಯಾಕೆ?

ಕಾಲು ತೆಗೆದದ್ದರಿಂದ ಹುಣ್ಣು ಹೋಯಿತು, ಕಾಯಿಲೆ ಹೋಗಲಿಲ್ಲ. ಕಾಲಿನ ರಕ್ತನಾಳ ಕಟ್ಟಿಕೊಂಡವರಲ್ಲಿ ಹೃದಯದ ನಾಳಗಳೂ ಕಿರಿದಾಗಿರುವುದು ತೀರ ಸಾಮಾನ್ಯ. ಅದರ ಜೊತೆಗೆ ಕೃತಕ ಕಾಲಿನ ನಡಿಗೆ ಹೆಚ್ಚು ಶಕ್ತಿ ಬೇಡುತ್ತದೆ. ರಕ್ತನಾಳದ ಕಾಯಿಲೆಯವರಲ್ಲಿ ಮಂಡಿ ಕೆಳಗೆ ತೆಗೆದಿದ್ದರೆ ಅಷ್ಟೇ ದೂರಕ್ಕೆ ಸುಮಾರು 40 ಶೇಕಡಾ ಹೆಚ್ಚು, ಮಂಡಿ ಮೇಲೆ ತೆಗೆದಿದ್ದರೆ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು ಎಂಬುದು ಪಠ್ಯಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ದೇಹ ಇದನ್ನು ಸರಿದೂಗಿಸುವುದು ವೇಗ ತಗ್ಗಿಸಿ. ಹಾಗಾಗಿ ಅವರು ನಿಧಾನ ನಡೆದರೆ ಸೋಮಾರಿತನ ಎಂದುಕೊಳ್ಳಬೇಡಿ, ಅವಸರ ಮಾಡಲೇಬೇಡಿ.

ಬೆರಳು ಮಾತ್ರ ತೆಗೆದರೆ ಸಾಕಿತ್ತಲ್ವಾ? ಅಷ್ಟು ಮೇಲೆ ಯಾಕೆ ಕತ್ತರಿಸಿದರು?

ಗಾಯ ಮಾಯುವಷ್ಟು ರಕ್ತ ಎಲ್ಲಿಯವರೆಗೆ ತಲುಪುತ್ತಿದೆಯೋ ಅಲ್ಲಿಯೇ ಕತ್ತರಿಸಬೇಕು. ಅದಕ್ಕಿಂತ ಕೆಳಗೆ ತೆಗೆದರೆ ಹೊಲಿಗೆ ಬಿಟ್ಟುಕೊಂಡು ಮತ್ತೆ ಆಪರೇಷನ್ ಆಗುತ್ತದೆ, ವಾರಗಟ್ಟಲೆ ಹಾಸಿಗೆಯಲ್ಲೇ ಕಳೆದು ಉಳಿದ ಶಕ್ತಿಯೂ ಕರಗುತ್ತದೆ. ಮಂಡಿಯನ್ನು ಉಳಿಸಲು ಶಸ್ತ್ರವೈದ್ಯರು ಪ್ರಯತ್ನಪಟ್ಟೇ ಪಡುತ್ತಾರೆ. ನಡೆಯಲು, ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಅಷ್ಟು ಉಪಯೋಗದ ಕೀಲು ಇನ್ನೊಂದಿಲ್ಲ.

## ಆಪರೇಷನ್ ಆದ ಮೊದಲ ವಾರಗಳು

ಸ್ಟಂಪ್ ಕೆಳಗೆ ದಿಂಬು ಇಟ್ಟರೆ ನೋವು ಕಡಿಮೆ ಅಂತಾರೆ. ಇಡಬಹುದಾ?

ಬೇಡ. ಎಲ್ಲರಿಗಿಂತ ಪ್ರೀತಿಯಿಂದ ನೋಡಿಕೊಳ್ಳುವ ಮನೆಯವರೇ ಮಾಡುವ ತಪ್ಪು ಇದು. ದಿಂಬು ಇಟ್ಟಾಗ ಮಂಡಿ, ಸೊಂಟ ಎರಡೂ ಮಡಿಚಿರುತ್ತವೆ. ಮಡಿಚಿದ ಸ್ನಾಯುಗಳು ಕೆಲವೇ ದಿನಗಳಲ್ಲಿ ಗಿಡ್ಡವಾಗತೊಡಗುತ್ತವೆ, ಆಮೇಲೆ ಕೀಲು ನೆಟ್ಟಗಾಗುವುದಿಲ್ಲ. ಮಂಡಿ 25 ಡಿಗ್ರಿಗಿಂತ ಹೆಚ್ಚು ಬಾಗಿಯೇ ಉಳಿದರೆ ಸಾಮಾನ್ಯ ಕೃತಕ ಕಾಲು ಕೂರಿಸುವುದೇ ಕಷ್ಟ. ಮಂಡಿ ಮೇಲೆ ತೆಗೆದವರಲ್ಲಿ ತೊಡೆ ಮುಂದಕ್ಕೆ ಮಡಿಚಿ ಹೊರಗಡೆಗೆ ತಿರುಗಿ ನಿಲ್ಲುತ್ತದೆ.

ಮಾಡಬೇಕಾದದ್ದು ಇಷ್ಟು. ಮಲಗಿದಾಗ ಮಂಡಿ ನೆಟ್ಟಗಿರಲಿ, ಎರಡು ತೊಡೆಗಳು ಒಂದರ ಪಕ್ಕ ಒಂದಿರಲಿ, ನಡುವೆ ದಿಂಬು ಬೇಡ. ಸ್ಟಂಪನ್ನು ಮಂಚದ ಅಂಚಿನಿಂದ ಇಳಿಬಿಟ್ಟು ಕೂರಬಾರದು. ಗಾಲಿಕುರ್ಚಿಯಲ್ಲಿ ಕೂರುವಾಗ ಮಂಡಿ ಕೆಳಗೆ ತೆಗೆದವರಿಗೆ ಸೀಟಿನಿಂದ ಮುಂದಕ್ಕೆ ಚಾಚಿರುವ ಮೆತ್ತೆಯ ಹಲಗೆ ಬೇಕು. ಅದರ ಮೇಲೆ ಸ್ಟಂಪ್ ಚಾಚಿ ಕೂರಬೇಕು. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಸಲ 20 ರಿಂದ 30 ನಿಮಿಷ ಬೋರಲು ಮಲಗಬೇಕು, ಮುಖ ಒಳ್ಳೆಯ ಕಾಲಿನ ಕಡೆಗೆ. ಉಬ್ಬಸ ಅಥವಾ ಹೃದಯದ ತೊಂದರೆಯಿಂದ ಬೋರಲು ಮಲಗಲಾಗದಿದ್ದರೆ ಅಂಗಾತ ಮಲಗಿ, ಒಳ್ಳೆಯ ಕಾಲಿನ ಮಂಡಿಯನ್ನು ಎದೆಯತ್ತ ಎಳೆದು, ಸ್ಟಂಪನ್ನು ಹಾಸಿಗೆಗೆ ಒತ್ತಿ ಹಿಡಿಯಲಿ.

ಹಾಸಿಗೆಯಲ್ಲೇ ಇರೋವಾಗ ಯಾವ ವ್ಯಾಯಾಮ ಮಾಡಿಸಬೇಕು?

ಮಂಡಿ ಉಳಿದಿದ್ದರೆ ಮೊದಲನೆಯದು ತೊಡೆಯ ಮುಂಭಾಗ ಬಿಗಿ ಮಾಡಿ ಮಂಡಿಯ ಹಿಂಬದಿಯನ್ನು ಹಾಸಿಗೆಗೆ ಒತ್ತುವುದು: 5 ಸೆಕೆಂಡು ಹಿಡಿದು ಬಿಡಬೇಕು. ಎರಡನೆಯದು ಪೃಷ್ಠ ಬಿಗಿ ಮಾಡುವುದು. ಮೂರನೆಯದು ಒಳ್ಳೆಯ ಕಾಲನ್ನು ಊರಿ ಸೊಂಟ ಮೇಲೆತ್ತುವುದು. ಬೆಡ್‌ಪ್ಯಾನ್ ಇಡುವಾಗಲೂ ಇದೇ ಚಲನೆ ಬೇಕು, ಹಾಗಾಗಿ ಅಭ್ಯಾಸವಾದರೆ ಎರಡು ಲಾಭ. ಒಂದೊಂದನ್ನೂ 10 ಸಲ, ದಿನಕ್ಕೆ 3 ಹೊತ್ತು. ಕುರ್ಚಿಯ ಕೈಗಳನ್ನು ಒತ್ತಿ ಮೈ ಎತ್ತುವುದು ತೋಳಿಗೆ ಬಲ ಕೊಡುತ್ತದೆ, ಆದರೆ ಎದೆನೋವಿನ ಇತಿಹಾಸ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಯಾವುದನ್ನು ಮಾಡುವಾಗಲೂ ಉಸಿರು ಕಟ್ಟಬಾರದು. ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಹರಿಯುತ್ತದೆ.

ರಾತ್ರಿ ಎದ್ದು ನಡೆಯೋಕೆ ಹೋಗಿ ಬಿದ್ದರು. ಕಾಲಿಲ್ಲ ಅನ್ನೋದು ಮರೆತುಹೋಗುತ್ತಾ?

ಹೌದು, ಇದು ಬುದ್ಧಿಮಂಕಲ್ಲ. ಮಿದುಳಿನಲ್ಲಿ ಆ ಕಾಲಿನ ನಕ್ಷೆ ಹಾಗೇ ಇರುತ್ತದೆ, ನಿದ್ದೆಗಣ್ಣಿನಲ್ಲಿ ಅದನ್ನೇ ನಂಬಿ ಎದ್ದುಬಿಡುತ್ತಾರೆ. ಹೊಲಿಗೆಯ ಮೇಲೆಯೇ ಬಿದ್ದರೆ ಗಾಯ ಬಿಚ್ಚಿಕೊಂಡು ಮತ್ತೆ ಆಪರೇಷನ್ ಕೋಣೆಗೆ ಹೋಗಬೇಕಾಗಬಹುದು. ಮೂತ್ರದ ಬಾಟಲಿ ಕೈಗೆ ಸಿಗುವಂತಿರಲಿ, ಮಂದ ದೀಪ ಉರಿಯುತ್ತಿರಲಿ. ಗಾಲಿಕುರ್ಚಿಯನ್ನು ಬ್ರೇಕ್ ಹಾಕಿ, ಕಾಲು ಇಳಿಸುವ ಕಡೆಯೇ ನಿಲ್ಲಿಸಿಡಿ: ಎದ್ದ ತಕ್ಷಣ ಕಣ್ಣಿಗೆ ಬಿದ್ದರೆ ಅದೇ ನೆನಪು ಮಾಡಿಕೊಡುತ್ತದೆ. ಏಳುವ ಮುನ್ನ ಸ್ಟಂಪನ್ನು ಕೈಯಿಂದ ಮುಟ್ಟಿ ನೋಡುವುದನ್ನು ರೂಢಿ ಮಾಡಿಸಿ. ಬಿದ್ದಿದ್ದರೆ, ನೋವಿಲ್ಲ ಎಂದರೂ ಬ್ಯಾಂಡೇಜ್ ಬಿಚ್ಚಿಸಿ ಗಾಯ ತೋರಿಸಿ.

ಕ್ರೇಪ್ ಬ್ಯಾಂಡೇಜ್ ಹೇಗೆ ಕಟ್ಟೋದು? ಬಿಗಿ ಎಷ್ಟಿರಬೇಕು?

ಬ್ಯಾಂಡೇಜಿನ ಕೆಲಸ ಎರಡು: ಊತ ಇಳಿಸುವುದು, ಸ್ಟಂಪಿಗೆ ಕೃತಕ ಕಾಲಿನೊಳಗೆ ಕೂರುವ ಆಕಾರ ಕೊಡುವುದು. ಮಂಡಿ ಕೆಳಗಿನ ಸ್ಟಂಪಿಗೆ 10 ಸೆಂ.ಮೀ. ಅಗಲದ್ದು, ತೊಡೆಗೆ 15 ಸೆಂ.ಮೀ. ಅಗಲದ್ದು ಬೇಕು. ಕಟ್ಟುವ ದಾರಿ ಯಾವಾಗಲೂ ಓರೆಯಾಗಿ, ಎಂಟರ ಆಕಾರದಲ್ಲಿ. ತುದಿಯಲ್ಲಿ ಬಿಗಿ ಹೆಚ್ಚು, ಮೇಲೆ ಮೇಲೆ ಹೋದಂತೆ ಸಡಿಲ. ಬಳೆಯಂತೆ ಸುತ್ತು ಹಾಕಿದರೆ ರಕ್ತ ತಡೆದು ತುದಿ ಬಲ್ಬಿನ ಹಾಗೆ ಊದಿಕೊಳ್ಳುತ್ತದೆ. ಅಂಥ ಸ್ಟಂಪ್ ಸಾಕೆಟ್ಟಿಗೆ, ಅಂದರೆ ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲಿನಂಥ ಭಾಗಕ್ಕೆ, ಇಳಿಯುವುದೇ ಇಲ್ಲ. ಮಂಡಿ ಕೆಳಗಿನದಾದರೆ ಬ್ಯಾಂಡೇಜ್ ಮಂಡಿ ದಾಟಿ ತೊಡೆಯವರೆಗೆ ಹೋಗಬೇಕು. ತುದಿಯನ್ನು ಟೇಪಿನಿಂದ ಅಂಟಿಸಿ, ಪಿನ್ನು ಚುಚ್ಚಬೇಡಿ.

ನಾಲ್ಕು ಗಂಟೆಗೊಮ್ಮೆ ಬಿಚ್ಚಿ, ಚರ್ಮ ನೋಡಿ, ಮತ್ತೆ ಕಟ್ಟಿ. ರಕ್ತನಾಳದ ಕಾಯಿಲೆಯವರಲ್ಲಿ ಈ ನೋಡುವಿಕೆ ಕಟ್ಟುವುದಕ್ಕಿಂತ ಮುಖ್ಯ, ಏಕೆಂದರೆ ಬಿಗಿಯಾದ ಬ್ಯಾಂಡೇಜೇ ಹೊಸ ಹುಣ್ಣು ಮಾಡಬಲ್ಲದು. ಜಿಗಿಯುವ ನೋವು, ಮರಗಟ್ಟುವಿಕೆ, ಚರ್ಮ ನೀಲಿಗಟ್ಟಿದ್ದು ಕಂಡರೆ ತಕ್ಷಣ ಬಿಚ್ಚಿಬಿಡಿ. ಗಾಯ ಮಾಯ್ದ ಮೇಲೆ ಅಳತೆಗೆ ತಕ್ಕ ಎಲಾಸ್ಟಿಕ್ ಸಾಕ್ಸ್ ಕೊಡುತ್ತಾರೆ. ಅದು ಸಿಕ್ಕರೆ ಬ್ಯಾಂಡೇಜಿಗಿಂತ ನಮಗೆ ಅದೇ ಇಷ್ಟ, ಯಾರು ಹಾಕಿದರೂ ಒತ್ತಡ ಒಂದೇ ಸಮ ಇರುತ್ತದೆ.

ಇಲ್ಲದ ಪಾದ ನೋಯುತ್ತೆ, ಬೆರಳು ತಿರುಚಿದ ಹಾಗೆ ಆಗುತ್ತೆ ಅಂತಾರೆ. ಇದು ನಿಜವಾದ ನೋವಾ?

ನಿಜವಾದದ್ದೇ. ತುಂಡಾದ ನರ, ಬೆನ್ನುಹುರಿ, ಮಿದುಳು ಮೂರೂ ಸೇರಿ ಹುಟ್ಟಿಸುವ ನೋವು. ಕಾಲು ತೆಗೆದ ಬಹುಪಾಲು ಜನರಿಗೆ ಇಲ್ಲದ ಕಾಲು ಇದ್ದಂತೆ ಅನಿಸುತ್ತದೆ. ಅವರಲ್ಲಿ ಅನೇಕರಿಗೆ ನೋವೂ ಇರುತ್ತದೆ.

ಗಾಯ ಮಾಯ್ದ ಮೇಲೆ ಸ್ಟಂಪನ್ನು ಮೊದಲು ಮೆತ್ತನೆಯ ಬಟ್ಟೆಯಿಂದ, ಕೆಲವು ದಿನ ಬಿಟ್ಟು ಒರಟು ಟವೆಲಿನಿಂದ ಉಜ್ಜಿ, ಬೆರಳ ತುದಿಯಿಂದ ತಟ್ಟಿ: ದಿನಕ್ಕೆ ಮೂರು ಬಾರಿ, 5 ನಿಮಿಷ. ಕನ್ನಡಿಯ ಅಭ್ಯಾಸ ಕೆಲವರಿಗೆ ಬಹಳ ಚೆನ್ನಾಗಿ ಹಿಡಿಸುತ್ತದೆ. ಎರಡು ಕಾಲುಗಳ ನಡುವೆ ಉದ್ದದ ಕನ್ನಡಿ ನಿಲ್ಲಿಸಿ, ಹೊಳೆಯುವ ಮುಖ ಒಳ್ಳೆಯ ಕಾಲಿನ ಕಡೆಗಿರಲಿ. ಆ ಪಾದವನ್ನು ನಿಧಾನ ಆಡಿಸುತ್ತಾ ಕನ್ನಡಿಯೊಳಗಿನ ಪಾದವನ್ನೇ ನೋಡಬೇಕು. ದಿನಾ 15 ನಿಮಿಷದಂತೆ ಕೆಲವು ವಾರ ಮಾಡಿ ನೋಡಿ. ನಿದ್ದೆ ಕೆಡುವಷ್ಟು ನೋವಿದ್ದರೆ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ನರದ ನೋವಿನ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಇವು ತಲೆಸುತ್ತು ತರಬಹುದು, ಶುರು ಮಾಡಿದ ವಾರ ಬೀಳದಂತೆ ಹೆಚ್ಚು ಎಚ್ಚರ ಬೇಕು. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಗ್ಯಾಬಪೆಂಟಿನ್ ಪ್ರಮಾಣ ಇಳಿಸಬೇಕಾಗುತ್ತದೆ.

ವಾಕರ್ ಹಿಡಿದು ಒಂಟಿಕಾಲಲ್ಲಿ ಕುಪ್ಪಳಿಸಿಕೊಂಡೇ ಬಾತ್‌ರೂಮಿಗೆ ಹೋಗ್ತಾರೆ. ಒಳ್ಳೇದೇ ಅಲ್ವಾ?

ಅವರ ಹುಮ್ಮಸ್ಸು ನೋಡಿ ಸಂತೋಷವಾಗುವುದು ಸಹಜ, ಆದರೂ ನಾವು ಇದನ್ನು ನಿಲ್ಲಿಸುತ್ತೇವೆ. ಪ್ರತಿ ಕುಪ್ಪಳಿಕೆಗೂ ಮೈಭಾರವೆಲ್ಲ ಉಳಿದ ಪಾದದ ಮೇಲೆ ಧಡಕ್ಕನೆ ಬೀಳುತ್ತದೆ. ಆ ಪಾದದಲ್ಲೂ ರಕ್ತ ಕಡಿಮೆ ಇದೆ, ಶುಗರ್ ಇದ್ದರೆ ಸ್ಪರ್ಶವೂ ಇಲ್ಲ. ಮೊದಲ ತಿಂಗಳುಗಳಲ್ಲಿ ಗಾಲಿಕುರ್ಚಿಯೇ ಸರಿ. ಮಂಚದಿಂದ ಕುರ್ಚಿಗೆ ಜರುಗಲು ಜಾರುಹಲಗೆ ಇಲ್ಲವೇ ಒಂದೇ ಒಂದು ತಿರುವು ಸಾಕು: ಕುರ್ಚಿಯನ್ನು ಒಳ್ಳೆಯ ಕಾಲಿನ ಪಕ್ಕಕ್ಕೆ ಓರೆಯಾಗಿಟ್ಟು, ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮಡಿಚಿ, ದೂರದ ಕೈಹಿಡಿ ಹಿಡಿದು ತಿರುಗಿ ಕೂರುವುದು.

ಗಾಲಿಕುರ್ಚಿ ತರುವಾಗ ಒಂದು ವಿಷಯ ಕೇಳಿ. ಕಾಲಿನ ತೂಕ ಮುಂದೆ ಇಲ್ಲದ್ದರಿಂದ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಅದರಲ್ಲೂ ಇಳಿಜಾರು ಹತ್ತುವಾಗ. ಹಿಂದಿನ ಗಾಲಿಗಳನ್ನು ಸುಮಾರು 5 ಸೆಂ.ಮೀ. ಹಿಂದಕ್ಕೆ ಸರಿಸಿ ಜೋಡಿಸಬೇಕು, ಇಲ್ಲವೇ ಮಗುಚದಂತೆ ಹಿಂದೆ ಪುಟ್ಟ ಗಾಲಿ ಹಾಕಿಸಬೇಕು.

## ಕೃತಕ ಕಾಲು

ಕೃತಕ ಕಾಲಿಗೆ ಅಳತೆ ಯಾವಾಗ ತಗೋತಾರೆ?

ಗಾಯ ಪೂರ್ತಿ ಮಾಯ್ದು ಊತ ಒಂದು ಹಂತಕ್ಕೆ ಇಳಿದ ಮೇಲೆ. ಎಲ್ಲ ಸರಿಯಾಗಿ ನಡೆದರೆ ಆಪರೇಷನ್ ಆಗಿ 6 ರಿಂದ 12 ವಾರ. ರಕ್ತ ಸಾಲದ ಚರ್ಮ ನಿಧಾನ ಮಾಯುವುದರಿಂದ ಇದಕ್ಕೂ ಹೆಚ್ಚು ಹಿಡಿದರೆ ಅಚ್ಚರಿಪಡಬೇಡಿ. ಕೆಲವು ಕೇಂದ್ರಗಳಲ್ಲಿ ಅದಕ್ಕೂ ಮೊದಲೇ, ಗಾಯ ಅನುಮತಿಸಿದರೆ, ಗಾಳಿ ತುಂಬಿದ ಚೀಲದ ಅಭ್ಯಾಸದ ಕಾಲನ್ನು ಕಂಬಿಗಳ ನಡುವೆ ಹಾಕಿಸುತ್ತಾರೆ. ಚೀಲದ ಒತ್ತಡ 40 ಮಿ.ಮೀ. ಪಾದರಸದ ಆಸುಪಾಸು. ಅದನ್ನು ತಜ್ಞರ ಕಣ್ಣೆದುರು ಮಾತ್ರ ಹಾಕಬೇಕು.

ಮೊದಲ ಸಾಕೆಟ್ ಶಾಶ್ವತವಲ್ಲ. ಸ್ಟಂಪ್ ಒಂದು ಒಂದೂವರೆ ವರ್ಷ ಸೊರಗುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಸಾಕೆಟ್ ಬದಲಿಸಬೇಕಾಗಿ ಬಂದರೆ ಮೊದಲಿನದು ಕೆಟ್ಟದ್ದೆಂದು ಅರ್ಥವಲ್ಲ.

ಎಂಥ ಪಾದ, ಎಂಥ ಮಂಡಿ ಹಾಕಿಸಬೇಕು? ದುಬಾರಿಯದೇ ಒಳ್ಳೇದಾ?

ಮನೆಯೊಳಗೆ, ಅಂಗಳದಲ್ಲಿ ನಡೆಯುವವರಿಗೆ ಸ್ಥಿರತೆ ಮತ್ತು ಹಗುರ ತೂಕ ಮುಖ್ಯ. ಹಿಮ್ಮಡಿಯಲ್ಲಿ ಮೆತ್ತೆಯಿರುವ ಗಟ್ಟಿ ಪಾದ ಅಥವಾ ಒಂದೇ ಕೀಲಿನ ಪಾದ ಸಾಕು. ಒಂದೇ ಕೀಲಿನದು ಬೇಗ ನೆಲಕ್ಕೆ ಚಪ್ಪಟೆಯಾಗಿ ಕೂರುವುದರಿಂದ ಮಂಡಿ ಮೇಲೆ ತೆಗೆದವರಿಗೆ ಮಂಡಿ ಹಠಾತ್ತನೆ ಮಡಿಚುವ ಭಯ ಕಡಿಮೆ. ಸ್ಪ್ರಿಂಗಿನಂತೆ ಪುಟಿಯುವ ಪಾದ ವೇಗವಾಗಿ ನಡೆಯುವವರಿಗಾಗಿ ಮಾಡಿದ್ದು; ನಿಧಾನ ನಡೆಯುವವರು ಅದರ ಲಾಭ ಕಾಣುವುದಿಲ್ಲ. ವಯಸ್ಸಾದ, ದುರ್ಬಲ ತೊಡೆಯವರಿಗೆ ನಿಂತಾಗ ಬೀಗ ಬೀಳುವ, ಕೂರುವಾಗ ಕೈಯಿಂದ ಬಿಡಿಸುವ ಮಂಡಿ ಭರವಸೆ ಕೊಡುತ್ತದೆ. ನೆಟ್ಟಗಿನ ಕಾಲಲ್ಲಿ ನಡೆಯುವುದು ಚಂದವಲ್ಲ, ನಿಜ. ಬೀಳದಿರುವುದು ಅದಕ್ಕಿಂತ ದೊಡ್ಡದು. ದುಡ್ಡು, ಸಮಯ ಎರಡನ್ನೂ ಸುರಿಯಬೇಕಾದದ್ದು ಸಾಕೆಟ್ ಸರಿಯಾಗಿ ಕೂರುವಂತೆ ಮಾಡಿಸುವುದಕ್ಕೆ.

ಮೊದಲ ದಿನ ಎಷ್ಟು ಹೊತ್ತು ಹಾಕಬೇಕು? ಚರ್ಮ ಕೆಂಪಾದರೆ ತೊಂದರೆನಾ?

ಮೊದಲ ದಿನ 15 ರಿಂದ 30 ನಿಮಿಷ, ಅದರಲ್ಲಿ ಸ್ವಲ್ಪ ಹೊತ್ತು ಮಾತ್ರ ನಿಲ್ಲುವುದು. ತೆಗೆದು ಚರ್ಮ ನೋಡಿ. ತುದಿ ಮತ್ತು ಹಿಂಭಾಗ ಕಾಣದಿದ್ದರೆ ಹಿಡಿಯುಳ್ಳ ಕನ್ನಡಿ ಬಳಸಿ. ಕೆಂಪು 10 ರಿಂದ 20 ನಿಮಿಷದಲ್ಲಿ ಮಾಯವಾದರೆ ಸರಿ. ಮರುದಿನ ಅರ್ಧ ಗಂಟೆ ಹೆಚ್ಚಿಸಬಹುದು. ಮಾಯವಾಗದಿದ್ದರೆ, ಗುಳ್ಳೆ ಎದ್ದರೆ, ಚರ್ಮ ಕಿತ್ತರೆ ಕಾಲು ಹಾಕುವುದನ್ನು ನಿಲ್ಲಿಸಿ ತಯಾರಿಸಿದವರಿಗೆ ತೋರಿಸಿ. "ರೂಢಿಯಾದರೆ ಸರಿಹೋಗುತ್ತೆ" ಎಂಬ ಮಾತನ್ನು ನಂಬಬೇಡಿ. ರಕ್ತ ಸಾಲದ ಚರ್ಮದಲ್ಲಿ ಒಂದು ಗುಳ್ಳೆ ತಿಂಗಳುಗಟ್ಟಲೆ ಕೂರಿಸಿಬಿಡಬಲ್ಲದು.

ಎಲ್ಲಿ ಕೆಂಪಾಗಿದೆ ಎಂಬುದೂ ಮುಖ್ಯ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಒತ್ತಡ ತಾಳುವ ಜಾಗ, ಅಲ್ಲಿ ತುಸು ಕೆಂಪು ಸಹಜ. ಮಂಡಿ ಕೆಳಗಿನ ಮೂಳೆಯ ಕತ್ತರಿಸಿದ ತುದಿ, ಅದರ ಮುಂದಿನ ಅಂಚು, ಮಂಡಿಯ ಹೊರಬದಿಯ ಗಂಟು ಒತ್ತಡ ತಾಳುವುದಿಲ್ಲ.

ಬೆಳಗ್ಗೆ ಸರಿಯಾಗಿ ಕೂರುತ್ತೆ, ಸಂಜೆ ಹೊತ್ತಿಗೆ ಒಳಗೆ ಲೊಡಲೊಡ ಅನ್ನುತ್ತೆ. ಏನು ಮಾಡಬೇಕು?

ನಡೆದಂತೆ ಸ್ಟಂಪಿನ ನೀರು ಹಿಂಡಿ ಹೋಗಿ ಅದು ಸಣ್ಣದಾಗುತ್ತದೆ. ಅದಕ್ಕೆ ಪರಿಹಾರ ಸ್ಟಂಪ್ ಸಾಕ್ಸ್. ಇವು 1, 3, 5 ಪದರದ ದಪ್ಪಗಳಲ್ಲಿ ಸಿಗುತ್ತವೆ. ಮೂಳೆಯ ತುದಿ ನೆಲಕ್ಕೆ ಬಡಿದಂತಾದರೆ, ಆ ಕಾಲು ಗಿಡ್ಡ ಅನಿಸಿದರೆ ಒಳಗೆ ತೀರ ಇಳಿದಿದೆ: ಒಂದು ತೆಳು ಸಾಕ್ಸ್ ಸೇರಿಸಿ. ಕಾಲು ಉದ್ದವಾದಂತೆ ಅನಿಸಿದರೆ, ಹಾಕುವಾಗಲೇ ಒಳಗಿಳಿಯದಿದ್ದರೆ ಒಂದು ತೆಗೆಯಿರಿ. ಸಾಕ್ಸ್ ಸುಕ್ಕಾಗಬಾರದು, ಹೊಲಿಗೆ ಮೂಳೆಯ ಮೇಲೆ ಬರಬಾರದು. ಒಟ್ಟು 10 ಪದರ ದಾಟಿದರೂ ಸಡಿಲವಿದ್ದರೆ ಸಾಕ್ಸ್ ಪೇರಿಸುತ್ತಾ ಹೋಗಬೇಡಿ, ಹೊಸ ಸಾಕೆಟ್ಟಿನ ಸಮಯ ಬಂದಿದೆ. ಹೊರಗೆ ಹೋಗುವಾಗ ಚೀಲದಲ್ಲಿ ಒಂದೆರಡು ಸಾಕ್ಸ್ ಇರಲೇಬೇಕು.

ಕೃತಕ ಕಾಲಿನ ಮೇಲೆ ಭಾರ ಹಾಕೋಕೇ ಹೆದರ್ತಾರೆ. ಹೇಗೆ ರೂಢಿ ಮಾಡಿಸೋದು?

ಕಂಬಿಗಳ ನಡುವೆ ಕೃತಕ ಪಾದವನ್ನು ತೂಕದ ಯಂತ್ರದ ಮೇಲಿರಿಸಿ, ಒಳ್ಳೆಯ ಪಾದವನ್ನು ಅದೇ ಎತ್ತರದ ಹಲಗೆಯ ಮೇಲಿಡಿ. ಮುಳ್ಳು ಎಷ್ಟಕ್ಕೆ ಹೋಗುತ್ತದೆ ಎಂದು ಅವರೇ ನೋಡಲಿ. 5 ಕಿಲೋ, 10 ಕಿಲೋ ಎಂದು ಏರಿಸುತ್ತಾ ಮೈತೂಕದ ಅರ್ಧಕ್ಕೆ ಬಂದರೆ ಎರಡೂ ಕಾಲಲ್ಲಿ ಸಮವಾಗಿ ನಿಂತಂತೆ. ಇದಾಗುವ ಮುಂಚೆ ಹೆಜ್ಜೆ ಹಾಕಿಸಿದರೆ ಒಳ್ಳೆಯ ಕಾಲಿಗೆ ಹಾರುವ ಕುಂಟು ನಡಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು?

ಹತ್ತುವಾಗ ಒಳ್ಳೆಯದು ಮೊದಲು, ಇಳಿಯುವಾಗ ಕೃತಕದ್ದು ಮೊದಲು. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಸೇರಿಸಿ, ಒಂದು ಕೈ ಕಂಬಿಯ ಮೇಲೆ.

ಚಪ್ಪಲಿ, ಶೂ ಬದಲಿಸಬಹುದಾ?

ಹಿಮ್ಮಡಿಯ ಎತ್ತರ ಅದೇ ಇದ್ದರೆ ಮಾತ್ರ. ಎತ್ತರ ಹೆಚ್ಚಾದರೆ ಕಾಲು ಮುಂದಕ್ಕೆ ವಾಲಿ ಮಂಡಿ ಮಡಿಚುತ್ತದೆ, ಕಡಿಮೆಯಾದರೆ ಮಂಡಿ ಹಿಂದಕ್ಕೆ ತಳ್ಳಲ್ಪಡುತ್ತದೆ. ಅಳತೆಗೆ ಹೋಗುವಾಗ ದಿನಾ ಹಾಕುವ ಪಾದರಕ್ಷೆಯನ್ನೇ ಒಯ್ಯಿರಿ.

## ತಿಂಗಳುಗಳು ಕಳೆದ ಮೇಲೆ

ಇನ್ನೊಂದು ಕಾಲಿಗೂ ಹೀಗೇ ಆಗುತ್ತಾ? ಭಯ ಆಗುತ್ತೆ.

ಭಯಕ್ಕೆ ಕಾರಣವಿದೆ, ಆದರೆ ತಡೆಯಲು ಕೈಯಲ್ಲಿರುವ ದಾರಿಗಳೂ ಇವೆ. ಬೀಡಿ, ಸಿಗರೇಟು, ತಂಬಾಕು ಪೂರ್ತಿ ನಿಲ್ಲಿಸುವುದಕ್ಕೆ ಸಮನಾದ ಔಷಧಿ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ, ಕೊಲೆಸ್ಟರಾಲಿನ ಮಾತ್ರೆಗಳನ್ನು "ಈಗ ಚೆನ್ನಾಗಿದೀನಲ್ಲ" ಎಂದು ಬಿಡಬಾರದು. ಅವು ಹೃದಯವನ್ನೂ ಕಾಯುತ್ತಿವೆ.

ಪಾದವನ್ನು ದಿನಾ ಬೆಳಕಿನಲ್ಲಿ ನೋಡಿ: ಹಿಮ್ಮಡಿ, ಬೆರಳ ಸಂದು, ಉಗುರಿನ ಅಂಚು. ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರನ್ನು ಮೊಣಕೈಯಿಂದ ಪರೀಕ್ಷಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ, ಬಹಳ ಹುಣ್ಣುಗಳ ಮೊದಲ ಪುಟ ಅದೇ. ರಾತ್ರಿ ಮಲಗಿದಾಗ ಪಾದ ನೋಯ್ದು ಇಳಿಬಿಟ್ಟರೆ ಹಿತವೆನಿಸಿದರೆ ರಕ್ತ ಸಾಲುತ್ತಿಲ್ಲ ಎಂದು ತಿಳಿಯಿರಿ, ಆ ವಾರವೇ ತೋರಿಸಿ. ಪಾದ ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಂಡು ಮರಗಟ್ಟಿದರೆ ಅದು ಗಂಟೆಗಳ ಲೆಕ್ಕದ ತುರ್ತು, ಬೆಳಗಾಗಲಿ ಎಂದು ಕಾಯಬಾರದು.

ಎಷ್ಟು ದಣಿದರೆ ನಿಲ್ಲಿಸಬೇಕು?

ನಡೆಯುತ್ತಾ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಮುಂದುವರಿಸಬಹುದು, ಎರಡು ಪದಕ್ಕೇ ಉಸಿರು ಕಡಿದರೆ ಕೂರಬೇಕು. ಎದೆ, ದವಡೆ, ಎಡತೋಳಿನಲ್ಲಿ ಬಿಗಿತ, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಬೆವರು, ನಡುಕ ಶುಗರ್ ಇಳಿದದ್ದರಿಂದಲೂ ಇರಬಹುದು. ಅಭ್ಯಾಸದ ದಿನ ಊಟ ತಪ್ಪಿಸಬೇಡಿ, ಸಕ್ಕರೆ ಜೇಬಿನಲ್ಲಿರಲಿ.

ಡಯಾಲಿಸಿಸ್ ಆದ ದಿನ ಕಾಲು ಸಡಿಲ, ಮರುದಿನಗಳಲ್ಲಿ ಬಿಗಿ. ಸಾಕೆಟ್ ತಪ್ಪಾ?

ತಪ್ಪು ಸಾಕೆಟ್ಟಿನದಲ್ಲ. ಡಯಾಲಿಸಿಸ್ ಮೈನೀರು ತೆಗೆದಾಗ ಸ್ಟಂಪ್ ಸೊರಗುತ್ತದೆ, ಮುಂದಿನ ಸರದಿಯವರೆಗೆ ಮತ್ತೆ ತುಂಬಿಕೊಳ್ಳುತ್ತದೆ. ಅಳತೆ ಕೊಡುವಾಗ ಯಾವ ದಿನ ಡಯಾಲಿಸಿಸ್ ಎಂದು ಹೇಳಿ. ಎರಡು ವಾರ ದಿನಾ ಎಷ್ಟು ಪದರ ಸಾಕ್ಸ್ ಬೇಕಾಯಿತೆಂದು ಬರೆದಿಟ್ಟರೆ ನಿಮ್ಮದೇ ಒಂದು ವೇಳಾಪಟ್ಟಿ ಸಿಗುತ್ತದೆ.

ಚೆನ್ನಾಗೇ ನಡೀತಿದ್ದರು, ಈಗ ಸ್ಟಂಪ್ ನೋವು ಅಂತಾರೆ. ಯಾವುದಕ್ಕೆ ತೋರಿಸಬೇಕು?

ನೋವು ಬರುವ ರೀತಿಯನ್ನು ಗಮನಿಸಿ. ಪ್ರತಿಸಲ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಸ್ನಾಯು ಹಿಡಿದುಕೊಂಡು, ನಿಂತ ಕೆಲವು ನಿಮಿಷದಲ್ಲಿ ಬಿಟ್ಟರೆ ರಕ್ತ ಸಾಲದ ನೋವು: ರಕ್ತನಾಳದ ವೈದ್ಯರಿಗೆ. ಒಂದೇ ಬಿಂದುವನ್ನು ತಟ್ಟಿದಾಗ ಶಾಕ್ ಹೊಡೆದಂತಾದರೆ ಕತ್ತರಿಸಿದ ನರದ ತುದಿಯಲ್ಲಿ ಗಂಟು ಕಟ್ಟಿರಬಹುದು. ಕೆಂಪು ಗುರುತಿನ ಜಾಗದಲ್ಲೇ ನೋವಿದ್ದರೆ ಸಾಕೆಟ್, ಮೊದಲು ಕಾಲು ತಯಾರಿಸಿದವರಿಗೆ. ಬಿಸಿ, ಊತ, ಕೀವು, ಜ್ವರ ಇದ್ದರೆ ಸೋಂಕು: ಕಾಲು ಹಾಕದೆ ಅದೇ ದಿನ ಆಸ್ಪತ್ರೆಗೆ. ಸ್ಟಂಪಿನ ತುದಿ ಸಾಕೆಟ್ಟಿನ ತಳಕ್ಕೆ ತಾಗದೆ ತೂಗುತ್ತಿದ್ದರೆ ಅಲ್ಲಿನ ಚರ್ಮ ದಪ್ಪಗಾಗಿ, ಕಪ್ಪಾಗಿ ನರುಲಿಯಂತೆ ಬೆಳೆಯುತ್ತದೆ. ನೋಡಲು ಭಯವಾದರೂ ಸಾಕೆಟ್ ಸರಿಪಡಿಸಿ ತುದಿಗೆ ಆಸರೆ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ.

ಕೊನೆಗೆ ಗಾಲಿಕುರ್ಚಿಯೇ ಗತಿ ಆದರೆ ಸೋತಂತೆ ಅಲ್ವಾ?

ಅಲ್ಲ. ಮಂಡಿ ಮೇಲೆ ತೆಗೆದ, ಹೃದಯ ದುರ್ಬಲವಿರುವ ವ್ಯಕ್ತಿ ಕೃತಕ ಕಾಲು ಹಾಕಿಕೊಂಡು ಹತ್ತು ಹೆಜ್ಜೆಗೆ ಸುಸ್ತಾಗಿ ದಿನವೆಲ್ಲ ಮಲಗುವುದಕ್ಕಿಂತ, ಕುರ್ಚಿಯಲ್ಲಿ ತಾನೇ ಬಾತ್‌ರೂಮಿಗೆ ಹೋಗಿ ಬಂದು, ಅಡುಗೆಮನೆಗೆ ಹೋಗಿ, ಬಾಗಿಲಾಚೆ ಹೊರಟರೆ ಅದು ಹೆಚ್ಚಿನ ಓಡಾಟ. ಅನೇಕರು ಎರಡನ್ನೂ ಬಳಸುತ್ತಾರೆ: ದೂರಕ್ಕೆ ಕುರ್ಚಿ, ಮಂಚದಿಂದ ಏಳಲು, ಕಮೋಡಿಗೆ ಜರುಗಲು ಕೃತಕ ಕಾಲು. ಆ ಒಂದು ಉಪಯೋಗಕ್ಕೂ ಕಾಲು ಮಾಡಿಸುವುದು ಸಾರ್ಥಕ, ಎತ್ತಿ ಕೂರಿಸುವ ಮನೆಯವರ ಬೆನ್ನೂ ಉಳಿಯುತ್ತದೆ.

ಕುರ್ಚಿಗಾಗಿ ಮನೆ ಸಜ್ಜು ಮಾಡುವಾಗ ಬಾಗಿಲಿನ ಅಗಲವನ್ನು ಚೌಕಟ್ಟಿನ ಒಳಗಡೆ, ಬಾಗಿಲು ತೆರೆದಿಟ್ಟು ಅಳೆಯಿರಿ. ಆ ಅಳತೆ ಹಿಡಿದುಕೊಂಡೇ ಕುರ್ಚಿ ಆರಿಸಿ. ಇಳಿಜಾರಿಗೆ 1:12 ಲೆಕ್ಕ, ಅಂದರೆ 15 ಸೆಂ.ಮೀ. ಎತ್ತರದ ಹೊಸಿಲಿಗೆ 180 ಸೆಂ.ಮೀ. ಉದ್ದ. ದಿನದಲ್ಲಿ ಬಹುಹೊತ್ತು ಕೂರುವವರು 20 ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು ಅಥವಾ ಮುಂದಕ್ಕೆ ಬಾಗಬೇಕು, ಇಲ್ಲದಿದ್ದರೆ ಪೃಷ್ಠದಲ್ಲಿ ಒತ್ತುಹುಣ್ಣು ಏಳುತ್ತದೆ. ಮತ್ತು ಕುರ್ಚಿಯಲ್ಲಿದ್ದರೂ ಬೋರಲು ಮಲಗುವ ಅಭ್ಯಾಸ ಬಿಡಬೇಡಿ: ಸೊಂಟ ಬಾಗಿಯೇ ಬಿಗಿದುಕೊಂಡರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಗುತ್ತದೆ.